ತೆರಿಗೆ ಕಟ್ಟಿದ ಮನೆಯ ಅಪಾಯಕಾರಿ ಕಸ ಎಲ್ಲಿಗೆ ಹೋಗಬೇಕು?

ಏಪ್ರಿಲ್ ಬಂತೆಂದರೆ ಆಸ್ತಿ ತೆರಿಗೆಯ ಕುರಿತ ಪತ್ರಗಳು ಈ ಅಂಕಣಕ್ಕೆ ಬರುವುದು ವಾಡಿಕೆ. ಈ ಬಾರಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ತೆರಿಗೆಯ ಜೊತೆಗೇ ಇನ್ನೊಂದು ಪ್ರಶ್ನೆಯೂ ಬೆಸೆದುಕೊಂಡಿತ್ತು: ಮನೆಯಲ್ಲಿ ಉಳಿಯುವ ಹಳೆಯ ಟ್ಯೂಬ್‌ಲೈಟು, ಬಣ್ಣದ ಡಬ್ಬಿ, ಅವಧಿ ಮುಗಿದ ಔಷಧಿ, ಸೂಜಿ, ಬ್ಯಾಟರಿಗಳನ್ನು ಯಾರ ಕೈಗೆ ಕೊಡಬೇಕು? ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಸ್ಥಳೀಯ ಸಂಸ್ಥೆಯ ಮೇಲೆ ದೂರು ಇರುವ ಪತ್ರಗಳಲ್ಲಿ ಊರಿನ ಹೆಸರನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮನೆ ಕಟ್ಟಿಸಿದ ದಿನದಿಂದ ಒಂದು ವರ್ಷವೂ ತಪ್ಪದಂತೆ ಕಂದಾಯ ಕಟ್ಟಿದ್ದೇನೆ. ಹೋದ ತಿಂಗಳು ಮನೆಗೆ ಬಣ್ಣ ಮಾಡಿಸಿದಾಗ ಉಳಿದ ನಾಲ್ಕು ಡಬ್ಬಿ, ತಿನ್ನರ್ ಬಾಟಲಿ ಮತ್ತು ಕೆಟ್ಟುಹೋದ ಆರು ಟ್ಯೂಬ್‌ಲೈಟುಗಳನ್ನು ಕಸದ ಗಾಡಿಗೆ ಕೊಡಲು ಹೋದರೆ “ಇವನ್ನೆಲ್ಲ ತಗೊಳ್ಳೋ ಹಂಗಿಲ್ಲ ಸಾರ್” ಎಂದು ಮುಂದೆ ಹೋದರು. ಕಚೇರಿಯಲ್ಲಿ ವಿಚಾರಿಸಿದಾಗ ಊರ ಹೊರಗೆ ಎಲ್ಲಾದರೂ ಹಾಕಿಸಿ ಎಂಬ ಉತ್ತರ ಬಂತು. ನನ್ನ ರಸೀದಿಯಲ್ಲಿ ಘನತ್ಯಾಜ್ಯ ಶುಲ್ಕ ಎಂಬ ಬೇರೆಯದೇ ಸಾಲಿದೆ, ತೆರಿಗೆಯೂ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಸೇವೆ ಕೊಡದಿದ್ದ ಮೇಲೆ ಆ ಶುಲ್ಕವನ್ನೋ ಇಡೀ ತೆರಿಗೆಯನ್ನೋ ತಡೆಹಿಡಿಯುವ ಹಕ್ಕು ನನಗಿಲ್ಲವೆ?
— ದಾವಣಗೆರೆ ಜಿಲ್ಲೆಯ ಪಟ್ಟಣವೊಂದರಿಂದ

ಉತ್ತರ: ಮೇಷ್ಟ್ರೇ, ತೆರಿಗೆಯನ್ನು ದಯವಿಟ್ಟು ತಡೆಹಿಡಿಯಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಆ ದಾರಿಯಲ್ಲಿ ಹೋದರೆ ನಷ್ಟ ನಿಮಗೇ ಆಗುತ್ತದೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದವರಿಗೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ಮೇ ಮತ್ತು ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲದೆ ದಂಡವೂ ಇಲ್ಲದೆ ಕಟ್ಟಬಹುದು. ಅಲ್ಲಿಂದ ಮುಂದೆ ತಿಂಗಳು ತಿಂಗಳಿಗೂ ದಂಡ ಸೇರುತ್ತ ಹೋಗಿ, ನಾಳೆ ಇ-ಖಾತೆಗೋ ಖಾತೆ ಬದಲಾವಣೆಗೋ ಅರ್ಜಿ ಹಾಕಿದ ದಿನ ಅಷ್ಟೂ ಬಾಕಿ ಒಟ್ಟಿಗೆ ಎದುರು ನಿಲ್ಲುತ್ತದೆ. ಘನತ್ಯಾಜ್ಯ ಶುಲ್ಕಕ್ಕೂ ಕಾನೂನಿನ ಬಲವಿದೆ. ಕೇಂದ್ರ ಸರ್ಕಾರ 2016ರ ಏಪ್ರಿಲ್‌ನಲ್ಲಿ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಸ್ಥಳೀಯ ಸಂಸ್ಥೆಯ ಉಪವಿಧಿಯಲ್ಲಿ ಗೊತ್ತುಪಡಿಸಿದ ಬಳಕೆದಾರರ ಶುಲ್ಕವನ್ನು ಕಸ ಉತ್ಪಾದಿಸುವ ಪ್ರತಿಯೊಬ್ಬರೂ ಕೊಡಬೇಕೆಂದು ವಿಧಿಸಿದವು.

ಆದರೆ ಅದೇ ನಿಯಮಗಳು ಇನ್ನೊಂದು ಪಕ್ಷಕ್ಕೂ ಹೊಣೆ ಹೊರಿಸಿದ್ದವು, ನಿಮ್ಮ ಕೈಯಲ್ಲಿರುವ ನಿಜವಾದ ಬಲ ಅದು. ಹಸಿ ಕಸ, ಒಣ ಕಸಗಳ ಜೊತೆಗೆ ‘ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ’ ಎಂಬ ಮೂರನೆಯ ವಿಭಾಗವನ್ನು ಹೆಸರಿಟ್ಟು ಹೇಳಿ, ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿ, ಒಡೆದ ಪಾದರಸದ ಥರ್ಮಾಮೀಟರು, ಬಳಸಿದ ಬ್ಯಾಟರಿ, ಸೂಜಿ ಮತ್ತು ಸಿರಿಂಜುಗಳನ್ನು ಅದರ ಕೆಳಗೆ ಸೇರಿಸಲಾಯಿತು. ಇವನ್ನು ಸ್ವೀಕರಿಸಲು ಪ್ರತಿ 20 ಚದರ ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದರಂತೆ ಸಂಗ್ರಹ ಕೇಂದ್ರ ತೆರೆಯುವುದು, ಅಲ್ಲಿ ಸ್ವೀಕರಿಸುವ ವೇಳೆಯನ್ನು ಪ್ರಕಟಿಸುವುದು, ಸಂಗ್ರಹವಾದದ್ದನ್ನು ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಘಟಕಕ್ಕೆ ಸುರಕ್ಷಿತವಾಗಿ ಸಾಗಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಬರೆಯಲಾಯಿತು. ‘ಅದರ ಭಾಗಕ್ಕೆ’ ಎಂಬ ಮಾತನ್ನು ಗಮನಿಸಿ. ಆ ಲೆಕ್ಕದಲ್ಲಿ ಹತ್ತು ಚದರ ಕಿಲೋಮೀಟರಿನ ಪಟ್ಟಣ ಪಂಚಾಯಿತಿಗೂ ಒಂದು ಕೇಂದ್ರ ಇರಬೇಕಿತ್ತು, ಇಪ್ಪತ್ತೈದರ ಊರಿಗೆ ಎರಡು. ‘ಊರ ಹೊರಗೆ ಹಾಕಿಸಿ’ ಎಂದು ನಿಮಗೆ ಸಿಕ್ಕ ಉತ್ತರಕ್ಕೆ ಯಾವ ನಿಯಮದಲ್ಲೂ ಆಸರೆಯಿಲ್ಲ.

ತೆರಿಗೆ ಏರುವ ವಿಷಯಕ್ಕೆ ಬರುತ್ತೇನೆ. ಚಿತ್ರದುರ್ಗ, ಹರಿಹರ, ಹಿರಿಯೂರಿನಂಥ ನಗರಸಭೆಗಳಿಗೂ ಸಣ್ಣ ಪುರಸಭೆಗಳಿಗೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ. 2007ರಲ್ಲಿ ಮಹಾನಗರ ಪಾಲಿಕೆಯಾದ ದಾವಣಗೆರೆ ನಗರಕ್ಕೆ 1976ರ ಪಾಲಿಕೆಗಳ ಕಾಯ್ದೆ. 2021ರಲ್ಲಿ ಎರಡನ್ನೂ ತಿದ್ದುಪಡಿ ಮಾಡಿ, ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆಯ ಶೇ 25ನ್ನು ತೆರಿಗೆಗೆ ಆಧಾರವಾಗಿ ಹಿಡಿಯುವ ಪದ್ಧತಿಯನ್ನು ತರಲಾಯಿತು. ಆ ಆಧಾರದ ಮೇಲೆ ಕಟ್ಟಡಗಳಿಗೆ ಶೇ 0.2ರಿಂದ ಶೇ 1.5ರೊಳಗೆ ದರ ಗೊತ್ತುಮಾಡುವ ಅಧಿಕಾರ ಸ್ಥಳೀಯ ಸಂಸ್ಥೆಗಿದೆ, ಜೊತೆಗೆ ಪ್ರತಿವರ್ಷ ಶೇ 3ರಿಂದ 5ರಷ್ಟು ಹೆಚ್ಚಳಕ್ಕೂ ಅವಕಾಶವಿದೆ. ಹಾಗಾಗಿ ನೀವು ಮನೆಗೆ ಒಂದು ಇಟ್ಟಿಗೆ ಸೇರಿಸದಿದ್ದರೂ ತೆರಿಗೆ ಏರುತ್ತದೆ. ರಸ್ತೆಯ ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾದ ವರ್ಷ ಆ ಏರಿಕೆ ಇನ್ನೂ ಎದ್ದು ಕಾಣುತ್ತದೆ. ಲೆಕ್ಕ ತಪ್ಪಿದೆಯೆಂದು ಅನ್ನಿಸಿದರೆ ನಿವೇಶನದ ಅಳತೆ, ಕಟ್ಟಡದ ಅಳತೆ, ಕಟ್ಟಡದ ವಯಸ್ಸು, ವಾಸಕ್ಕೋ ವ್ಯಾಪಾರಕ್ಕೋ ಎಂಬ ನಾಲ್ಕು ಕಲಂಗಳನ್ನು ಮೊದಲು ನೋಡಿ. ಬಹುಪಾಲು ತಪ್ಪುಗಳು ಅಲ್ಲಿಯೇ ಸಿಕ್ಕುತ್ತವೆ.

ನಿಮ್ಮ ರಸೀದಿಯ ಉಳಿದ ಸಾಲುಗಳಲ್ಲೂ ಒಂದು ಸಂಗತಿಯಿದೆ, ಬಹಳ ಜನರಿಗೆ ಅದು ತಿಳಿದಿಲ್ಲ. ತೆರಿಗೆಯ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3 ಸೇರುತ್ತದೆ. ಮೂಲ ತೆರಿಗೆ 4,000 ರೂಪಾಯಿ ಇದ್ದರೆ ಈ ಮೂರೇ ಸೇರಿ 960 ರೂಪಾಯಿ. ‘ಆರೋಗ್ಯ’ ಎಂಬ ಹೆಸರು ನೋಡಿ ಅದು ಚರಂಡಿ ಮತ್ತು ಕಸದ ಕೆಲಸಕ್ಕೆ ಹೋಗುತ್ತದೆಂದು ಅನೇಕರು ಭಾವಿಸಿದ್ದಾರೆ. ಆ ಉಪಕರ ರಾಜ್ಯ ಸರ್ಕಾರಕ್ಕೆ ಸಲ್ಲುತ್ತದೆ; ಗ್ರಂಥಾಲಯದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ, ಮೂರನೆಯದು ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುವ ಸಮಿತಿಗೆ. ನಿಮ್ಮೂರಿನ ಕಸಕ್ಕೆಂದೇ ನೀವು ಕೊಟ್ಟು ನಿಮ್ಮೂರಿನಲ್ಲೇ ಉಳಿಯುವುದು ಮೂಲ ತೆರಿಗೆ ಮತ್ತು ಆ ಘನತ್ಯಾಜ್ಯ ಶುಲ್ಕ. ಆದ್ದರಿಂದಲೇ ಅದನ್ನು ಕಟ್ಟಿ, ರಸೀದಿಯನ್ನು ಜೆರಾಕ್ಸ್ ಮಾಡಿಸಿ, ಅದರ ಜೊತೆಗೆ ಲಿಖಿತ ಅರ್ಜಿ ಕೊಡಿ ಎನ್ನುತ್ತೇನೆ. ಬಾಕಿದಾರನ ದೂರಿಗಿಂತ ಕಟ್ಟಿದವನ ದೂರಿಗೆ ತೂಕ ಹೆಚ್ಚು. ಅರ್ಜಿಯನ್ನು ಹೇಗೆ ಬರೆಯಬೇಕೆಂಬುದನ್ನು ಕೊನೆಯ ಉತ್ತರದಲ್ಲಿ ಹೇಳಿದ್ದೇನೆ.

ಅಲ್ಲಿಯವರೆಗೆ ಡಬ್ಬಿಗಳ ಮುಚ್ಚಳ ಬಿಗಿಯಾಗಿ ಹಾಕಿ, ಬಿಸಿಲು ಮತ್ತು ಒಲೆಯಿಂದ ದೂರವಿಡಿ. ಬಳಸಲು ಬರುವಷ್ಟು ಬಣ್ಣ ಉಳಿದಿದ್ದರೆ ನೆರೆಯ ಶಾಲೆಯ ಗೇಟಿಗೋ ಯಾರದಾದರೂ ಕಿಟಕಿಗೋ ಕೊಟ್ಟು ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ತಿನ್ನರನ್ನು ಚರಂಡಿಗೆ ಸುರಿಯಬಾರದು, ಕಸಕ್ಕೆ ಬೆಂಕಿ ಹಚ್ಚುವ ಜಾಗದಲ್ಲಂತೂ ಇಡಲೇಬಾರದು.

ಪ್ರಶ್ನೆ: ನನ್ನ ತಾಯಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಸೂಜಿಗಳನ್ನು ಕಾಗದದಲ್ಲಿ ಸುತ್ತಿ ಒಣ ಕಸಕ್ಕೆ ಹಾಕುತ್ತಿದ್ದೆವು. ಮೊನ್ನೆ ಕಸ ಒಯ್ಯುವ ಹೆಣ್ಣುಮಗಳೊಬ್ಬರು ಬೆರಳಿಗೆ ಚುಚ್ಚಿದ ಗಾಯ ತೋರಿಸಿ, “ಅಕ್ಕಾ, ನಿಮ್ಮನೇದೋ ಯಾರ ಮನೇದೋ ಗೊತ್ತಿಲ್ಲ” ಎಂದರು. ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ.
— ಚಿತ್ರದುರ್ಗದ ಓದುಗರು

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮದು. ದಿನಕ್ಕೆ ಎರಡು ಎಂದರೆ ವರ್ಷಕ್ಕೆ 730 ಚುಚ್ಚು. ಒಂದೇ ಸೂಜಿಯನ್ನು ಎರಡು ಮೂರು ಸಲ ಬಳಸಿದರೂ ಒಂದೊಂದು ಮನೆಯಿಂದ ನೂರಾರು ಸೂಜಿಗಳು. ಸಕ್ಕರೆ ಕಾಯಿಲೆಯ ಮನೆಗಳು ಒಂದೊಂದು ಬೀದಿಯಲ್ಲಿ ಎಷ್ಟಿವೆಯೆಂದು ನಮಗೆಲ್ಲ ಗೊತ್ತು. ಕಾಗದದಲ್ಲಿ ಸುತ್ತಿದ ಸೂಜಿ ಕಣ್ಣಿಗೆ ಕಾಣದು, ಕೈಗೆ ಮಾತ್ರ ತಾಗುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕುಗಳು ಹೀಗೆ ಚುಚ್ಚಿದ ಸೂಜಿಯಿಂದ ಹರಡಬಲ್ಲವು. ಯಾರ ಮನೆಯ ಸೂಜಿಯೆಂದು ತಿಳಿಯದ ಆ ಹೆಣ್ಣುಮಗಳು ತಕ್ಷಣ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ ಶುರುಮಾಡಬೇಕಾಗುತ್ತದೆ. ಆ ಅವಧಿ ಮೀರಿದ್ದರೂ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ನೀವೇ ಅವರ ಜೊತೆ ಹೋಗಿಬಂದರೆ ನಿಮ್ಮ ಮನಸ್ಸಿಗೂ ಸಮಾಧಾನವಾದೀತು.

ಇನ್ನು ಮುಂದೆ ನೆಲ ಒರೆಸುವ ದ್ರಾವಣದ ದಪ್ಪ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೊಳೆದಿಟ್ಟುಕೊಳ್ಳಿ. ಚುಚ್ಚಿಕೊಂಡ ಕೂಡಲೇ ಸೂಜಿ ಅದರೊಳಗೆ ಬೀಳಲಿ. ನೀರಿನ ತೆಳು ಬಾಟಲಿ ಬೇಡ, ಸೂಜಿ ಅದನ್ನು ತೂರಿ ಹೊರಗೆ ಬರುತ್ತದೆ. ಮುಕ್ಕಾಲು ಭಾಗ ತುಂಬಿದಾಗ ಮುಚ್ಚಳ ತಿರುಗಿಸಿ, ಮೇಲೆ ಟೇಪು ಸುತ್ತಿ, ‘ಬಳಸಿದ ಸೂಜಿ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ಅದನ್ನು ಕಸದ ಜೊತೆ ಬೆರೆಸದೆ ಪ್ರತ್ಯೇಕವಾಗಿ ಕೈಗೆ ಕೊಡಬೇಕು. ನಿಮ್ಮ ವೈದ್ಯರ ಕ್ಲಿನಿಕ್ಕಿನಲ್ಲೂ ಕೇಳಿನೋಡಿ: 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅವರಲ್ಲಿ ಸೂಜಿಗಳಿಗೆಂದೇ ಬಿಳಿಯ, ಚುಚ್ಚಿದರೆ ತೂತಾಗದ ಡಬ್ಬಿ ಇರಲೇಬೇಕು, ಅದನ್ನು ಒಯ್ಯುವ ವಾಹನವೂ ಗೊತ್ತಾಗಿರುತ್ತದೆ. ಹಳೆಯ ರೋಗಿಯ ಮನೆಯ ಒಂದು ಬಾಟಲಿಯನ್ನು ಅವರು ಒಪ್ಪಿಕೊಂಡರೆ ದೊಡ್ಡ ಉಪಕಾರ.

ಪೌರಕಾರ್ಮಿಕರಿಗೆ ಕೈಗವಸು, ಬೂಟು, ಮುಖಗವಸು ಒದಗಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಕಸದ ನಿಯಮಗಳೇ ಹೇಳಿವೆ. ಕೊಡುವ ಸಾಮಾನ್ಯ ರಬ್ಬರು ಗವಸನ್ನು ಸೂಜಿ ಸುಲಭವಾಗಿ ದಾಟುತ್ತದೆ. ಹೆಪಟೈಟಿಸ್ ಬಿ ರೋಗಕ್ಕೆ ಮೂರು ಡೋಸಿನ ಲಸಿಕೆಯಿದೆ. ನಿಮ್ಮ ಬೀದಿಗೆ ಬರುವವರಿಗೆ ಅದು ಸಿಕ್ಕಿದೆಯೇ ಎಂದು ವಾರ್ಡಿನ ಸದಸ್ಯರನ್ನೂ ಆರೋಗ್ಯ ನಿರೀಕ್ಷಕರನ್ನೂ ಕೇಳುವುದು ತೆರಿಗೆ ಕಟ್ಟುವ ನಮ್ಮ ಹಕ್ಕು. ಅದು ಕೇಳಲೇಬೇಕಾದ ಪ್ರಶ್ನೆ ಎಂದೂ ನನ್ನ ಅಭಿಪ್ರಾಯ.

ಪ್ರಶ್ನೆ: ಸಿಎಫ್‌ಎಲ್ ಬಲ್ಬು ಮಗುವಿನ ಕೋಣೆಯಲ್ಲಿ ಬಿದ್ದು ಒಡೆಯಿತು. ಪೊರಕೆಯಿಂದ ಗುಡಿಸಿ ಹಾಕಿದೆ. ಪಾದರಸ ವಿಷವೆಂದು ಆಮೇಲೆ ಓದಿದೆ. ಏನಾದರೂ ಆಗುತ್ತದೆಯೆ?
— ವಿದ್ಯಾನಗರ, ದಾವಣಗೆರೆ

ಉತ್ತರ: ಗಾಬರಿಯಾಗಬೇಡಿ. ಅಂಥ ಒಂದು ಬಲ್ಬಿನಲ್ಲಿರುವ ಪಾದರಸ ಕೆಲವೇ ಮಿಲಿಗ್ರಾಂ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಅದರ ನೂರು ಪಟ್ಟಿಗೂ ಹೆಚ್ಚು, ಅಂದರೆ ಸುಮಾರು ಅರ್ಧದಿಂದ ಒಂದು ಗ್ರಾಂ ಇರುತ್ತದೆ. ಮತ್ತೊಮ್ಮೆ ಹೀಗಾದರೆ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನು ಆರಿಸಿ, ಕಿಟಕಿ ಬಾಗಿಲು ತೆರೆದು ಹತ್ತು ಹದಿನೈದು ನಿಮಿಷ ಕೋಣೆಯನ್ನು ಬಿಟ್ಟುಬಿಡಿ. ಪೊರಕೆಯೂ ವ್ಯಾಕ್ಯೂಮ್ ಕ್ಲೀನರೂ ಪುಡಿಯನ್ನು ಗಾಳಿಗೆ ಹಾರಿಸುತ್ತವೆ. ಗಟ್ಟಿ ರಟ್ಟಿನ ಎರಡು ತುಂಡುಗಳಿಂದ ಚೂರುಗಳನ್ನು ಎತ್ತಿ, ಉಳಿದ ಪುಡಿಯನ್ನು ಅಂಟುಪಟ್ಟಿಗೆ ಹತ್ತಿಸಿ, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ಹಾಕಿಡಿ.

ಕೆಟ್ಟ ಆದರೆ ಒಡೆಯದ ಟ್ಯೂಬನ್ನು ಅದು ಬಂದ ರಟ್ಟಿನ ಕೊಳವೆಯಲ್ಲೇ ವಾಪಸು ಇಡಿ. ಒಡೆಯದಿರುವವರೆಗೆ ಅದರಿಂದ ತೊಂದರೆಯಿಲ್ಲ; ತಿಪ್ಪೆಯಲ್ಲಿ ನೂರಾರು ಒಟ್ಟಿಗೆ ಒಡೆದಾಗ ಅಲ್ಲಿ ಕಸ ಆಯುವವರ ಉಸಿರಿಗೆ ಅದು ಹೋಗುತ್ತದೆ. ಇಂಥ ದೀಪಗಳು ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೂ ಬರುತ್ತವೆ, ಅಂದರೆ ತಯಾರಕ ಕಂಪನಿಗಳೂ ಹೊಣೆಗಾರರು. ಎಲ್‌ಇಡಿ ಬಲ್ಬಿನಲ್ಲಿ ಪಾದರಸವಿಲ್ಲ.

ಪ್ರಶ್ನೆ: ನಮ್ಮದು ಅಡಿಕೆ ತೋಟ, ಮನೆ ಪೇಟೆಯಲ್ಲಿದೆ. ಔಷಧಿ ಹೊಡೆದ ಖಾಲಿ ಡಬ್ಬಿಗಳು ಹಿತ್ತಲಿನಲ್ಲಿ ರಾಶಿ ಬಿದ್ದಿವೆ. ಗುಜರಿಯವರು ಕೇಳುತ್ತಾರೆ, ಕೊಡಬಹುದೆ? ಇನ್ವರ್ಟರಿನ ಹಳೇ ಬ್ಯಾಟರಿಯೂ ಇದೆ.
— ಚನ್ನಗಿರಿ

ಉತ್ತರ: ಗುಜರಿಗೆ ಕೊಟ್ಟ ಕೀಟನಾಶಕದ ಡಬ್ಬಿ ತೊಳೆಸಿಕೊಂಡು ಯಾರದೋ ಮನೆಯಲ್ಲಿ ಎಣ್ಣೆಯ ಡಬ್ಬಿಯಾಗಿ, ನೀರಿನ ಡಬ್ಬಿಯಾಗಿ ಕೂರುವ ಸಂಭವವಿದೆ. ಈ ಭಯದಿಂದಲೇ 1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬಿಗಳನ್ನು ಮರುಬಳಕೆಯಾಗುವಂತೆ ಹೊರಗೆ ಬಿಡಬಾರದು ಎಂದಿವೆ. ಔಷಧಿ ಮುಗಿದ ಕೂಡಲೇ, ಒಣಗುವ ಮೊದಲು, ಡಬ್ಬಿಯನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಿರಿ. ಹಣ ಕೊಟ್ಟು ತಂದ ಔಷಧಿ ಪೂರ್ತಿ ಬೆಳೆಗೆ ಸಲ್ಲುತ್ತದೆ, ಡಬ್ಬಿಯಲ್ಲಿ ವಿಷವೂ ಬಹುಮಟ್ಟಿಗೆ ಉಳಿಯದು. ಆಮೇಲೆ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ ಚೀಲದಲ್ಲಿ ಕಟ್ಟಿಡಿ. ಕಾಲುವೆಯಲ್ಲೋ ಕೆರೆಯಲ್ಲೋ ತೊಳೆಯುವುದು ಮಾತ್ರ ಬೇಡವೇ ಬೇಡ. ನಿಮ್ಮ ತಾಲ್ಲೂಕಿನ ಶಾಂತಿಸಾಗರ, ನಮ್ಮ ಬಾಯಲ್ಲಿ ಸೂಳೆಕೆರೆ, ತೋಟಗಳಿಗಷ್ಟೇ ಅಲ್ಲದೆ ಚಿತ್ರದುರ್ಗದ ಮನೆಗಳಿಗೂ ಕುಡಿಯುವ ನೀರು ಕೊಡುತ್ತದೆ. ಹಳ್ಳಕ್ಕೆ ಬಿಟ್ಟ ವಿಷ ಯಾರ ಕೊಡಕ್ಕೆ ಸೇರುತ್ತದೆಂದು ಯಾರೂ ಹೇಳಲಾರರು.

ಇನ್ವರ್ಟರ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಮರಳಿಸಿ, ಬೆಲೆಯಲ್ಲಿ ವಜಾ ಸಿಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರಿಗೆ ವಹಿಸಿವೆ. ಬ್ಯಾಟರಿಯೊಳಗಿನ ಸೀಸವನ್ನು ಬಯಲಿನಲ್ಲಿ ಕರಗಿಸುವವರ ಕೈಗೆ ಅದು ಹೋಗಬಾರದು. ಆ ಹೊಗೆ ಮತ್ತು ಧೂಳು ಎಳೆಯ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತವೆ.

ಪ್ರಶ್ನೆ: ನಮ್ಮ ಖಾಲಿ ಸೈಟಿನಲ್ಲಿ ಅಕ್ಕಪಕ್ಕದವರು ಕಸ ಸುರಿಯುತ್ತಾರೆ. ಖಾಲಿ ಸೈಟಿಗೂ ತೆರಿಗೆ ಕಟ್ಟಬೇಕೆ? ಕಟ್ಟಿದರೆ ಅದೇ ಮಾಲೀಕತ್ವದ ದಾಖಲೆಯಾಗುತ್ತದೆಯೆ?
— ಚಳ್ಳಕೆರೆ

ಉತ್ತರ: ಕಟ್ಟಬೇಕು. ಖಾಲಿ ನಿವೇಶನಕ್ಕೆ ದರ ಶೇ 0.2ರಿಂದ ಶೇ 0.5ರೊಳಗಿರುತ್ತದೆ. ತೆರಿಗೆ ರಸೀದಿಯೊಂದೇ ಮಾಲೀಕತ್ವವನ್ನು ಸಾಬೀತು ಮಾಡುವುದಿಲ್ಲ, ನೋಂದಾಯಿತ ಪತ್ರವೇ ಆಧಾರ. ಬೇಲಿ ಹಾಕಿಸಿ, ಫಲಕ ನಿಲ್ಲಿಸಿ, ಸುರಿಯುವವರ ಮೇಲೆ ಲಿಖಿತ ದೂರು ಕೊಡಿ. ಸ್ವಚ್ಛವಾಗಿಡುವ ಹೊಣೆ ಮೊದಲಿಗೆ ಮಾಲೀಕರದೇ.

ಪ್ರಶ್ನೆ: ನಮ್ಮ ಬಡಾವಣೆಯ ಮಹಿಳಾ ಸಂಘದವರು ಇಂಥ ಕಸಕ್ಕೆ ಒಂದು ಕೇಂದ್ರ ಬೇಕೆಂದು ಕೇಳಬೇಕೆಂದಿದ್ದೇವೆ. ಕೇಳಿದರೆ ಹಣವಿಲ್ಲ ಎನ್ನುತ್ತಾರೆ. ಏನು ಮಾಡಬೇಕು? ನಾವೇ ಸಂಗ್ರಹಿಸಿದರೆ ತಪ್ಪಾಗುತ್ತದೆಯೆ? ಹಳೇ ಮಾತ್ರೆಗಳನ್ನು ಶೌಚಾಲಯಕ್ಕೆ ಹಾಕಿ ನೀರು ಬಿಡುವವರೂ ಇದ್ದಾರೆ.
— ಚಿತ್ರದುರ್ಗ ಜಿಲ್ಲೆಯ ಪಟ್ಟಣವೊಂದರಿಂದ

ಉತ್ತರ: ಮಾತ್ರೆಯ ವಿಷಯ ಮೊದಲು. ವೈದ್ಯರೋ ಔಷಧಿಯ ಚೀಟಿಯೋ ಬೇರೆ ಹೇಳದಿದ್ದರೆ ಶೌಚಾಲಯಕ್ಕೆ ಹಾಕಬೇಡಿ. ಕೊಳಚೆ ನೀರಿನ ಶುದ್ಧೀಕರಣ ಘಟಕಗಳನ್ನು ಔಷಧಿಯ ಅಂಶ ತೆಗೆಯುವುದಕ್ಕಾಗಿ ಕಟ್ಟಿರುವುದಿಲ್ಲ, ನೀರಿಗೆ ಸೇರಿದ ಆ್ಯಂಟಿಬಯೋಟಿಕ್ ಮಾತ್ರೆಗಳು ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆಯಲು ನೆರವಾಗುತ್ತವೆ. ಮಾತ್ರೆಗಳನ್ನು ಹಾಳೆಯ ಸಮೇತ ಒಂದು ಡಬ್ಬಿಯಲ್ಲಿ ಕೂಡಿಡಿ.

ಹಣವಿಲ್ಲ ಎಂಬ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅಪಾಯಕಾರಿ ತ್ಯಾಜ್ಯವನ್ನು ಶಾಸ್ತ್ರೀಯವಾಗಿ ಹೂಳುವ ಘಟಕವಿರುವುದು ಬೆಂಗಳೂರು ಹೆದ್ದಾರಿಯ ದಾಬಸ್‌ಪೇಟೆಯ ಬಳಿ. ದಾವಣಗೆರೆಯಿಂದ ಅದು 200 ಕಿಲೋಮೀಟರಿನ ಸುಮಾರು, ಸಣ್ಣ ಪುರಸಭೆಗೆ ಇದು ಹೊರೆಯೇ. ಆದರೆ ಈ ಕಸ ಪ್ರಮಾಣದಲ್ಲಿ ತೀರ ಕಡಿಮೆ, ಕೊಳೆಯುವುದೂ ಇಲ್ಲ. ಬೀಗವಿರುವ ಒಂದು ಕೋಣೆ, ನೆಲಕ್ಕೆ ಸಿಮೆಂಟು, ಹೆಸರು ಬರೆದ ಐದಾರು ಡ್ರಮ್ಮು, ಒಂದು ದಾಖಲೆ ಪುಸ್ತಕ, ವಾರಕ್ಕೊಂದು ದಿನ ಕೂರುವ ಒಬ್ಬ ಸಿಬ್ಬಂದಿ ಇದ್ದರೆ ಕೇಂದ್ರ ನಡೆಯುತ್ತದೆ. ಹೆದ್ದಾರಿಯ ಮೇಲೇ ಇರುವ ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರುಗಳಿಗೂ ಅಕ್ಕಪಕ್ಕದ ಪುರಸಭೆಗಳಿಗೂ ಸೇರಿ ವರ್ಷಕ್ಕೆ ಎರಡು ಮೂರು ಸಲ ಒಂದೇ ಲಾರಿ ಹೋಗುವಂತೆ ಜಿಲ್ಲಾಡಳಿತಗಳು ಹೊಂದಿಸಿದರೆ ಖರ್ಚು ಹಂಚಿಹೋಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಎರಡೂ ಜಿಲ್ಲಾ ಕೇಂದ್ರಗಳಲ್ಲಿದೆ; ನಿಮ್ಮ ಅರ್ಜಿಯ ಪ್ರತಿಯೊಂದು ಅಲ್ಲಿಗೂ ಹೋಗಲಿ.

ಅರ್ಜಿಯಲ್ಲಿ ದೂರಿಗಿಂತ ಪ್ರಶ್ನೆಗಳಿರಲಿ. ಕಳೆದ ಮೂರು ವರ್ಷಗಳಲ್ಲಿ ಘನತ್ಯಾಜ್ಯ ಶುಲ್ಕವೆಂದು ಎಷ್ಟು ಸಂಗ್ರಹವಾಗಿದೆ, ಅದರಲ್ಲಿ ಎಷ್ಟು ಯಾವ ಬಾಬಿಗೆ ಖರ್ಚಾಗಿದೆ, ಗೃಹಬಳಕೆಯ ಅಪಾಯಕಾರಿ ತ್ಯಾಜ್ಯದ ಸಂಗ್ರಹ ಕೇಂದ್ರ ಎಲ್ಲಿದೆ, ಅದರ ವೇಳೆ ಯಾವುದು, ಇದುವರೆಗೆ ಎಷ್ಟು ಕಿಲೋ ಯಾವ ಘಟಕಕ್ಕೆ ಹೋಗಿದೆ ಎಂದು ಕೇಳಿ. ಮೊದಲು ಮುಖ್ಯಾಧಿಕಾರಿಗಳಿಗೆ ಅಥವಾ ಪೌರಾಯುಕ್ತರಿಗೆ ಸಂಘದ ಹೆಸರಿನಲ್ಲಿ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಅವೇ ಪ್ರಶ್ನೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ನಿಮ್ಮಲ್ಲೊಬ್ಬರು ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕಾಗುತ್ತದೆ. ಬಂದ ಅಂಕಿಗಳನ್ನು ಹಿಡಿದು ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಆ ಸಭೆಗಳಲ್ಲಿ ಕುರ್ಚಿಗಳು ಖಾಲಿ ಇರುವುದನ್ನು ನಾನು ಎಷ್ಟೋ ಊರುಗಳಲ್ಲಿ ಕಂಡಿದ್ದೇನೆ. ಲೆಕ್ಕ ಕೈಯಲ್ಲಿ ಹಿಡಿದ ಹತ್ತು ಹೆಂಗಸರು ಮುಂದಿನ ಸಾಲಿನಲ್ಲಿ ಕೂತರೆ ‘ಸಂಗ್ರಹ ಕೇಂದ್ರ’ ಎಂಬ ಸಾಲು ಆಯವ್ಯಯದಲ್ಲಿ ಸೇರಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚು.

ನೀವೇ ಸಂಗ್ರಹಿಸುವುದಾದರೆ ಯಾರ ಮನೆಯಲ್ಲೂ ರಾಶಿ ಹಾಕಿಕೊಳ್ಳಬೇಡಿ. ಬೇರೆ ಬೇರೆ ರಾಸಾಯನಿಕಗಳನ್ನು ಒಂದೇ ಡಬ್ಬಿಗೆ ಸುರಿಯುವುದು ಅಪಾಯಕರ. ಶೌಚಾಲಯ ತೊಳೆಯುವ ಆಸಿಡ್ಡೂ ಬ್ಲೀಚಿಂಗ್ ದ್ರಾವಣವೂ ಸೇರಿದರೆ ವಿಷಾನಿಲ ಏಳುತ್ತದೆ. ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪತ್ರ ಪಡೆದು, ಅವರೇ ವಾಹನ ಕಳಿಸುವ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಆ ಒಂದು ದಿನ ಬೆಳಗ್ಗೆ ಮಾತ್ರ ಸಮುದಾಯ ಭವನದ ಮುಂದೆ ಮೇಜು ಹಾಕಿ ಸ್ವೀಕರಿಸಿ. ಸೂಜಿ, ದೀಪ, ಬ್ಯಾಟರಿ, ಔಷಧಿ, ಬಣ್ಣ ಎಂದು ಐದು ಡಬ್ಬಿ ಸಾಕು. ಪ್ರತಿ ಮನೆ ಏನು ತಂದಿತು ಎಂದು ಬರೆದಿಡಿ. ಆ ಪಟ್ಟಿಯ ಪ್ರತಿಯೊಂದನ್ನು ಈ ಅಂಕಣಕ್ಕೂ ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಬೇರೆ ಊರಿನವರಿಗೆ ತೋರಿಸಲು ನನಗೆ ಉಪಯೋಗವಾಗುತ್ತದೆ.